ಕಪ್ಪು ಕಪ್ಪಾಗಿಯೇ ಇರಲಿ

ಯಾರಾದರೂ ಮಡಿವಾಳ ಹಕ್ಕಿಯ ಫೋಟೋ ತೋರಿಸಿದರೆ ನನ್ನ ನೋಟ ಮೊದಲು ಹೋಗುವುದು ಅದರ ಕಣ್ಣಿಗೆ. ಕಪ್ಪು ತಲೆಯಲ್ಲಿ ಕಪ್ಪು ಕಣ್ಣು. ಅದರೊಳಗೆ ಬೆಳಕಿನ ಒಂದು ಚುಕ್ಕಿ ಕೂತಿದ್ದರೆ ಹಕ್ಕಿಗೆ ಜೀವವಿದೆ. ಇಲ್ಲದಿದ್ದರೆ ಕಣ್ಣು ಎಲ್ಲಿದೆ ಎಂದು ಹುಡುಕಬೇಕು. ಆಮೇಲೆ ರೆಕ್ಕೆಯ ಉದ್ದಕ್ಕೂ ಇಳಿಯುವ ಬಿಳಿ ಪಟ್ಟಿ. ಅದರಲ್ಲಿ ಗರಿಯ ಎಳೆಗಳು ಬಿಡಿಬಿಡಿಯಾಗಿ ಕಾಣಬೇಕು. ಕೊನೆಗೆ, ಎದೆಯ ಕಪ್ಪು ಮುಗಿದು ಹೊಟ್ಟೆಯ ಬಿಳಿ ಶುರುವಾಗುವ ಜಾಗ. ಅಲ್ಲಿ ಕಪ್ಪು ಬಿಳಿಯನ್ನು ನುಂಗದೆ, ಬಿಳಿ ಕಪ್ಪಿನ ಮೇಲೆ ಚೆಲ್ಲದೆ, ಎರಡೂ ತಂತಮ್ಮ ಮೇರೆಯಲ್ಲಿ ನಿಂತಿದ್ದರೆ ತೆಗೆದವರ ಬೆನ್ನು ತಟ್ಟಬೇಕು ಅನ್ನಿಸುತ್ತದೆ.

ಬಣ್ಣದ ಹಕ್ಕಿಗಳ ಫೋಟೋ ಸುಲಭ ಎಂದು ನಾನು ಹೇಳುತ್ತಿಲ್ಲ. ಆದರೆ ಕಳ್ಳಿಪೀರವಾಗಲಿ, ನೀಲಕಂಠವಾಗಲಿ ತಮ್ಮ ಬಣ್ಣದಿಂದಲೇ ಅರ್ಧ ಕೆಲಸ ಮುಗಿಸಿಕೊಡುತ್ತವೆ. ಬೆಳಕಿನ ಲೆಕ್ಕ ತುಸು ಆಚೀಚೆ ಆದರೂ ಹಸಿರು ಹಸಿರಾಗಿಯೇ ಉಳಿಯುತ್ತದೆ, ನೋಡುವವರು ಖುಷಿಪಡುತ್ತಾರೆ. ಕಪ್ಪು ಬಿಳಿ ಹಕ್ಕಿ ಆ ಸಲುಗೆ ಕೊಡುವುದಿಲ್ಲ. ಒಂದೇ ಮೈಯಲ್ಲಿ, ಒಂದೇ ಗೇಣಿನೊಳಗೆ, ಬೆಳಕನ್ನೆಲ್ಲ ಹೀರಿಕೊಳ್ಳುವ ಗರಿಯೂ ಇದೆ, ಬಿದ್ದ ಬೆಳಕನ್ನೆಲ್ಲ ವಾಪಸ್ ಎಸೆಯುವ ಗರಿಯೂ ಇದೆ. ಎರಡಕ್ಕೂ ಒಂದೇ ಶಟರ್, ಒಂದೇ ಅಪರ್ಚರ್. ಬಿಳಿಗೆ ಸರಿಹೋಗುವ ಬೆಳಕು ಕಪ್ಪಿಗೆ ಸಾಲದು, ಕಪ್ಪಿಗೆ ಸಾಕಾಗುವ ಬೆಳಕು ಬಿಳಿಗೆ ಹೆಚ್ಚು.

ಇಂಥ ಹಕ್ಕಿಗಳಿಗೆ ನಮ್ಮ ಮೈಸೂರಿನ ಸುತ್ತಮುತ್ತ ಬರವಿಲ್ಲ. ಮನೆಯ ಕಾಂಪೌಂಡಿನಲ್ಲಿ ಮಡಿವಾಳ. ಕೆರೆ ಏರಿಯ ಕಲ್ಲುಗಳ ಮೇಲೆ ಬಾಲ ಕುಣಿಸುತ್ತ ಓಡಾಡುವ ಬಿಳಿ ಹುಬ್ಬಿನ ಕುಂಡೆಕುಸ್ಕ. ಗದ್ದೆಯ ಕೆಸರಿನಲ್ಲಿ ಕೆಂಪು ಕಾಲುಗಳ ಮೇಲೆ ನಡೆಯುವ ಮೆಟ್ಟುಗಾಲು ಹಕ್ಕಿ. ಕಾವೇರಿಯ ಮೇಲೆ ಕಪ್ಪುಬಿಳಿ ಮಿಂಚುಳ್ಳಿ, ರಂಗನತಿಟ್ಟಿನ ಮರಗಳಲ್ಲಿ ಕರಿತಲೆಯ ಕೆಂಬರಲು. ಇನ್ನೂ ದೂರ ಹೋಗುವುದಾದರೆ ದಾಂಡೇಲಿ. ಅಲ್ಲಿಯ ಮರದ ಡಿಪೋದ ಸುತ್ತ ದೊಡ್ಡ ಹಳದಿ ಕೊಕ್ಕಿನ ಮಂಗಟ್ಟೆಗಳು. ಇವೆಲ್ಲವನ್ನೂ ನಾನು ಹಿಂಬಾಲಿಸಿದ್ದೇನೆ. ಆದರೂ ಬೆಳಗ್ಗೆ ಎದ್ದು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡಾಗ ಕಾಲು ಹೋಗುವುದು ಹೊಳೆಯ ಕಡೆಗೇ.

ಹೊಳೆಯ ವಿಷಯಕ್ಕೆ ಬರುವ ಮುಂಚೆ ಮೀಟರಿನ ವಿಷಯ ಹೇಳಬೇಕು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಹಕ್ಕಿ ಯಾವುದು, ನೀರು ಯಾವುದು ಎಂಬ ಭೇದವಿಲ್ಲ. ಎದುರಿಗಿರುವುದನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ನಡುಮಧ್ಯದ ಒಂದು ಬೂದು ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಅದರ ಲೆಕ್ಕ ನಿಂತಿದೆ. ಛಾಯಾಗ್ರಾಹಕರು ಬಳಸುವ ಬೂದು ಕಾರ್ಡು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 18ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ನಡುವಿನ ಅಳತೆ ಎಂದು ಬಹುಕಾಲದಿಂದ ಹಿಡಿದುಕೊಂಡು ಬಂದಿರುವುದು ಅದನ್ನೇ. ಈಗಿನ ಕ್ಯಾಮೆರಾಗಳು ಪೊದೆಯೊಳಗಿನ ಹಕ್ಕಿಯ ಕಣ್ಣನ್ನೂ ಹುಡುಕಿ ಫೋಕಸ್ ಮಾಡುವಷ್ಟು ಜಾಣವಾಗಿವೆ. ಆದರೆ ಬೆಳಕಿನ ವಿಚಾರದಲ್ಲಿ ಅವು ಇನ್ನೂ ಸರಾಸರಿಯ ಕಡೆಗೇ ವಾಲುತ್ತವೆ. ಮಿಂಚುಳ್ಳಿ ಕಪ್ಪು ನೀರಿನ ಮುಂದೆ ಹಾರುವಾಗ ಮೀಟರು ಕತ್ತಲೆ ಹೆಚ್ಚಾಯಿತೆಂದು ಬೆಳಕು ಏರಿಸುತ್ತದೆ, ಹಕ್ಕಿಯ ಎದೆ ಸುಟ್ಟುಹೋಗುತ್ತದೆ. ಅದೇ ಹಕ್ಕಿ ಮರುಕ್ಷಣ ಆಕಾಶದ ಮುಂದೆ ಬಂದರೆ ಬೆಳಕು ಹೆಚ್ಚಾಯಿತೆಂದು ಇಳಿಸುತ್ತದೆ, ಹಕ್ಕಿ ಬರೀ ನೆರಳಾಗುತ್ತದೆ. ಹಕ್ಕಿಯ ಮೇಲೆ ಬಿದ್ದ ಬಿಸಿಲು ಮಾತ್ರ ಆ ಎರಡೂ ಗಳಿಗೆಯಲ್ಲಿ ಒಂದೇ.

ಆದ್ದರಿಂದ ಇಂಥ ಹಕ್ಕಿಗಳಿಗೆ ಮ್ಯಾನುವಲ್ ಮೋಡೇ ಸರಿ. ಬಿಸಿಲು ಬದಲಾಗದಿದ್ದರೆ ಅಳತೆಯನ್ನೂ ಬದಲಾಯಿಸಬೇಕಿಲ್ಲ. ಫಿಲ್ಮ್ ಕಾಲದವರಿಗೆ ಒಂದು ಬಾಯಿಲೆಕ್ಕ ಇತ್ತು: ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ ಎಫ್ 16 ಇಟ್ಟರೆ ಶಟರ್ ವೇಗ ಫಿಲ್ಮಿನ ಅಂಕಿಯಷ್ಟೇ. ಐಎಸ್‌ಒ 400 ಆದರೆ ಸೆಕೆಂಡಿನ 400ನೇ ಒಂದು ಭಾಗ. ಅದನ್ನೇ ಹಾರುವ ಹಕ್ಕಿಗೆ ಹೊಂದಿಸಿದರೆ ಎಫ್ 5.6, ಸೆಕೆಂಡಿನ 3200ನೇ ಒಂದು ಭಾಗ. ಬಿಳಿಯಿರುವ ಹಕ್ಕಿಗೆ ಅದರಿಂದಲೂ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಬೇಕು. ಬೆಳಗಿನ ಬಿಸಿಲು ಎಳೆಯದಾದ್ದರಿಂದ ಈ ಲೆಕ್ಕವನ್ನು ಅಂದಾಜಿಗೆ ಇಟ್ಟುಕೊಂಡು, ಹಕ್ಕಿ ಬರುವ ಮುಂಚೆ ದಡದ ಮೇಲಿನ ಯಾವುದಾದರೂ ಬೆಳ್ಳಕ್ಕಿಯನ್ನು ತೆಗೆದು ನೋಡಿ ಸರಿಮಾಡಿಕೊಳ್ಳುತ್ತೇನೆ. ಬೆಳ್ಳಕ್ಕಿಗಳು ಎಲ್ಲ ಹೊಳೆಯಲ್ಲೂ ಇರುತ್ತವೆ, ಅವಸರವಿಲ್ಲದೆ ನಿಲ್ಲುತ್ತವೆ. ಅವುಗಳ ಬಿಳಿ ಉಳಿದರೆ ಮಿಂಚುಳ್ಳಿಯ ಬಿಳಿಯೂ ಉಳಿಯುತ್ತದೆ.

ರಂಗನತಿಟ್ಟಿನಲ್ಲಿ ದೋಣಿಯನ್ನು ಕೈಯಲ್ಲೇ ಹುಟ್ಟು ಹಾಕಿ ನಡೆಸುತ್ತಾರೆ. 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ಅಲ್ಲಿಯ ಅಂಬಿಗರಲ್ಲಿ ಕೆಲವರು ಹಕ್ಕಿ ಏನು ಮಾಡುತ್ತದೆಂದು ಅದು ಮಾಡುವ ಮುಂಚೆಯೇ ಹೇಳುತ್ತಾರೆ. ಒಂದು ಚಳಿಗಾಲದ ಬೆಳಗ್ಗೆ ಮಿಂಚುಳ್ಳಿ ಬಂಡೆಯಿಂದ ಎದ್ದು ಹೋಗಿಬಿಟ್ಟಿತು. ನಾನು ದೋಣಿ ಮುಂದಕ್ಕೆ ಬಿಡೋಣವೇ ಎಂದು ಕೇಳಿದೆ. ಅಂಬಿಗರು ಹುಟ್ಟನ್ನು ನೀರಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು.

‘ವಸಿ ತಡೀರಿ ಸಾ. ಮೀನು ಇಲ್ಲೇ ಅವೆ. ಅದು ಎಲ್ಲಿಗೋಯ್ತದೆ? ಇಲ್ಲಿಗೇ ಬತ್ತದೆ.’

ಬಂತು. ದೋಣಿಗೂ ನಡುಗಡ್ಡೆಗೂ ಮಧ್ಯೆ, ನೀರಿನಿಂದ ಒಂದು ತೆಂಗಿನ ಮರದ ಅರ್ಧದಷ್ಟು ಎತ್ತರದಲ್ಲಿ ನಿಂತುಬಿಟ್ಟಿತು. ನಿಂತಿತು ಎಂದೇ ಹೇಳಬೇಕು. ಮೈಯನ್ನು ಲಂಬವಾಗಿ ಇಳಿಬಿಟ್ಟು, ಕೊಕ್ಕನ್ನು ನೇರ ಕೆಳಕ್ಕೆ ಹಿಡಿದು, ಬಾಲ ಬೀಸಣಿಗೆಯಾಗಿ ಬಿಚ್ಚಿ, ರೆಕ್ಕೆ ಮಾತ್ರ ಬಡಿಯುತ್ತಿತ್ತು. ತಲೆ ಒಂದಿಷ್ಟೂ ಅಲುಗಲಿಲ್ಲ. ಕೂರಲು ಕೊಂಬೆ ಬೇಕಿಲ್ಲದೆ ನಟ್ಟನಡು ನೀರಿನ ಮೇಲೆ ಹೀಗೆ ನಿಂತು ಬೇಟೆಯಾಡುವುದು ಈ ಮಿಂಚುಳ್ಳಿಯ ವಿಶೇಷ. ಸಣ್ಣ ಮೀನಾದರೆ ದಡಕ್ಕೆ ತಾರದೆ ಹಾರುತ್ತಲೇ ನುಂಗುವುದೂ ಉಂಟು. ಆ ಬೆಳಗ್ಗೆ ಅದರ ಎದೆಯ ಮೇಲೆ ಎರಡು ಕಪ್ಪು ಪಟ್ಟಿಗಳು ಸ್ಪಷ್ಟವಾಗಿದ್ದವು, ಮೇಲಿನದು ಅಗಲ, ಕೆಳಗಿನದು ಸಣ್ಣದು; ಅಂದರೆ ಗಂಡು. ಹೆಣ್ಣಿಗೆ ಒಂದೇ ಪಟ್ಟಿ, ಅದೂ ನಡುವೆ ಕಡಿದಿರುತ್ತದೆ. ಹೊಟ್ಟೆಯ ಅಡಿಗೆ ಬಿಸಿಲು ಬೀಳುತ್ತಿರಲಿಲ್ಲ. ಆದರೂ ಅಲ್ಲಿ ಬೆಳಕಿತ್ತು. ನೀರಿನಿಂದ ಎದ್ದ ಬಿಸಿಲು ಕೆಳಗಿನಿಂದ ಹೊಟ್ಟೆಗೆ ತಾಗಿ, ಅಲೆ ಅಲುಗಿದಂತೆ ಆ ಬೆಳಕೂ ಅಲುಗುತ್ತಿತ್ತು. ಹಕ್ಕಿ ಬಿದ್ದದ್ದನ್ನು ನಾನು ನೋಡಲಿಲ್ಲ. ನೀರು ಚಿಮ್ಮಿದ್ದನ್ನು ಕಂಡೆ. ಎದ್ದಾಗ ಕೊಕ್ಕಿನಲ್ಲಿ ಮೀನು ಹೊಳೆಯಿತು.

ಆ ರೆಕ್ಕೆಯ ಬಗ್ಗೆ ಒಂದು ಮಾತು. ಶಟರ್ ವೇಗ ಕಡಿಮೆಯಿಟ್ಟು ತೆಗೆದರೆ ಹಾರುವ ಎಲ್ಲ ಹಕ್ಕಿಯ ರೆಕ್ಕೆಯೂ ಮಸುಕಾಗುತ್ತದೆ. ಮಿಂಚುಳ್ಳಿಯಲ್ಲಿ ಅದಕ್ಕಿಂತ ಬೇರೆಯದೇ ಒಂದು ನಡೆಯುತ್ತದೆ. ರೆಕ್ಕೆಯ ಕಪ್ಪು ಮತ್ತು ಬಿಳಿ ಚುಕ್ಕೆಗಳು ಒಂದರ ಮೇಲೊಂದು ಸರಿದು, ಬೆರೆತು, ಬೂದಾಗಿಬಿಡುತ್ತವೆ. ಹಕ್ಕಿಯ ಮೈ ಕಪ್ಪು ಬಿಳಿ, ರೆಕ್ಕೆ ಮಾತ್ರ ಯಾವುದೋ ಬೇರೆ ಹಕ್ಕಿಯದು! ಕೆಲವರಿಗೆ ಆ ಮಸುಕು ಚಲನೆಯ ಸೊಗಸಾಗಿ ಕಾಣುತ್ತದೆ. ನನಗೆ ರೆಕ್ಕೆಯ ಒಂದೊಂದು ಚುಕ್ಕೆಯೂ ಬೇಕು. ಅದಕ್ಕೇ 3200ರಿಂದ ಕೆಳಗಿಳಿಯಲು ಮನಸ್ಸಾಗುವುದಿಲ್ಲ, ಮೋಡ ಕವಿದ ದಿನ ಐಎಸ್‌ಒ ಏರಿಸಿಯಾದರೂ ಆ ವೇಗವನ್ನು ಕಾಯ್ದುಕೊಳ್ಳುತ್ತೇನೆ.

ಹಾಗೆ ನೋಡಿದರೆ ತೆಳುಮೋಡದ ದಿನವೇ ಈ ಹಕ್ಕಿಗಳಿಗೆ ಹೇಳಿ ಮಾಡಿಸಿದ್ದು. ಮೋಡ ಬಿಸಿಲನ್ನು ಹರಡಿಬಿಡುತ್ತದೆ. ಬಿಳಿಯ ಮೇಲಿನ ಉರಿ ಇಳಿಯುತ್ತದೆ, ಕಪ್ಪಿನೊಳಗೆ ಬೆಳಕು ಹೋಗುತ್ತದೆ, ಎರಡರ ನಡುವಿನ ಅಂತರ ಹತ್ತಿರವಾಗುತ್ತದೆ. ಆದರೆ ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ನೀರು ಹೆಚ್ಚು ಬಿಟ್ಟಾಗ ರಂಗನತಿಟ್ಟಿನ ದೋಣಿ ನಿಂತುಹೋಗುತ್ತದೆ. ಆಗ ಕುಂಡೆಕುಸ್ಕವೇ ಗತಿ, ಕೆರೆಯ ಏರಿಯೇ ಗತಿ. ಮಟಮಟ ಮಧ್ಯಾಹ್ನ ಮಾತ್ರ ಕ್ಯಾಮೆರಾ ಚೀಲದಲ್ಲಿರಬೇಕು. ನೆತ್ತಿಯ ಬಿಸಿಲಿನಲ್ಲಿ ಬೆನ್ನು ಉರಿದು ಹೊಟ್ಟೆ ಕತ್ತಲಾದ ಹಕ್ಕಿಯನ್ನು ಯಾವ ಸಾಫ್ಟ್‌ವೇರೂ ಹಕ್ಕಿಯಾಗಿ ಮಾಡಿಕೊಡಲಾರದು.

ತೆಗೆದ ಕೂಡಲೇ ಹಿಸ್ಟೊಗ್ರಾಮ್ ನೋಡಿ ಎಂದು ಎಲ್ಲರೂ ಹೇಳಿಕೊಡುತ್ತಾರೆ. ನೋಡಬೇಕು, ಸರಿ. ಆದರೆ ಇಡೀ ಚೌಕಟ್ಟಿನಲ್ಲಿ ಹಕ್ಕಿ ಇರುವುದು ಒಂದು ಮೂಲೆಯಷ್ಟು, ಹಕ್ಕಿಯಲ್ಲಿ ಬಿಳಿ ಇರುವುದು ಅರ್ಧ. ಆ ಬಿಳಿ ಪೂರ್ತಿ ಸುಟ್ಟುಹೋದರೂ ಹಿಸ್ಟೊಗ್ರಾಮಿನ ಬಲತುದಿಯಲ್ಲಿ ಕೂದಲೆಳೆಯಷ್ಟು ಗೆರೆ ಬಂದೀತು, ಕಣ್ಣಿಗೆ ಬೀಳುವುದೂ ಇಲ್ಲ. ಬೆಳಕು ಮಿತಿಮೀರಿದ ಜಾಗ ಮಿಟುಕುವ ಎಚ್ಚರಿಕೆಯನ್ನು ಆನ್ ಮಾಡಿಟ್ಟು, ಚಿತ್ರವನ್ನು ಹಿಗ್ಗಿಸಿ ಎದೆಯನ್ನೇ ನೋಡುವುದು ಒಳ್ಳೆಯದು. ಇನ್ನೊಂದು ಸೂಕ್ಷ್ಮವೂ ಇದೆ. ಬೆಳಗಿನ ಹೊಂಬಿಸಿಲಿನಲ್ಲಿ ಕೆಂಪು ಹೆಚ್ಚು. ಬಿಳಿ ಗರಿಯಲ್ಲಿ ಹಸಿರು, ನೀಲಿಗಳು ಇನ್ನೂ ಮಿತಿಯೊಳಗಿರುವಾಗಲೇ ಕೆಂಪು ಚಾನೆಲ್ ತುಂಬಿ ಹೊರಚೆಲ್ಲಿರುತ್ತದೆ. ಅಂಥ ಬಿಳಿಯನ್ನು ಆಮೇಲೆ ಇಳಿಸಿದರೆ ಹೊಂಬಣ್ಣ ಬರುವುದಿಲ್ಲ, ಸುಣ್ಣದ ಪೆಚ್ಚು ಬೂದು ಬರುತ್ತದೆ.

ಬಿಳಿಯ ವಿಷಯದಲ್ಲಿ ನಾನು ಇಷ್ಟು ಜಿಗುಟು ಯಾಕೆಂದರೆ, ಹೋದ ಬಿಳಿ ಹೋದದ್ದೇ. ಸೆನ್ಸಾರಿನ ಒಂದೊಂದು ಕಣಕ್ಕೂ ಬೆಳಕು ಹಿಡಿಯುವ ಮಿತಿಯಿದೆ. ಅದು ತುಂಬಿದ ಮೇಲೆ ಎಷ್ಟು ಸುರಿದರೂ ದಾಖಲಾಗುವುದು ಒಂದೇ ಅಂಕಿ. ಆ ಜಾಗದಲ್ಲಿ ಗರಿ ಇತ್ತು ಎಂಬುದಕ್ಕೆ ಫೈಲಿನಲ್ಲಿ ಸಾಕ್ಷಿಯೇ ಇರುವುದಿಲ್ಲ. ಕಪ್ಪಿನ ಕಥೆ ಹಾಗಲ್ಲ. ಎಷ್ಟು ಕತ್ತಲಾದರೂ ಅಲ್ಲಿ ಅಷ್ಟೋ ಇಷ್ಟೋ ದಾಖಲಾಗಿರುತ್ತದೆ, ನಾಯ್ಸ್ ಜೊತೆಗಾದರೂ ಸರಿ. 14 ಬಿಟ್ಟಿನ ರಾ ಫೈಲಿನಲ್ಲಿ ಕಪ್ಪಿನಿಂದ ಬಿಳಿಯವರೆಗೆ 16,384 ಮೆಟ್ಟಿಲು, ಜೆಪಿಗ್‌ನಲ್ಲಿ 256. ಆ ಹದಿನಾರು ಸಾವಿರದಲ್ಲಿ ಅರ್ಧ ಭಾಗ ತೀರಾ ಮೇಲಿನ ಒಂದೇ ಸ್ಟಾಪಿಗೆ ಮೀಸಲು. ಕೆಳಗಿಳಿದಂತೆ ಪ್ರತಿ ಸ್ಟಾಪಿಗೂ ಅರ್ಧರ್ಧ ಕಡಿಮೆ. ಆದರೂ ಕಪ್ಪಿನ ಪಾಲಿಗೆ ಬಂದಷ್ಟೇ ಮೆಟ್ಟಿಲುಗಳಿಂದ ಒಂದು ರೆಕ್ಕೆಯನ್ನು ಕಟ್ಟಿ ನಿಲ್ಲಿಸಬಹುದು. ಆದ್ದರಿಂದ ಬಿಳಿಯನ್ನು ಹೊಳೆಯ ದಡದಲ್ಲೇ ಉಳಿಸಿಕೊಳ್ಳಬೇಕು. ಕಪ್ಪಿನ ತೀರ್ಮಾನ ಮನೆಗೆ ಬಂದ ಮೇಲೆ, ಮೇಜಿನ ಮುಂದೆ.

ಫಿಲ್ಮ್ ಕಾಲದಲ್ಲಿ ಇದು ತಿರುಗುಮುರುಗಾಗಿತ್ತು. ಕಪ್ಪುಬಿಳಿ ನೆಗೆಟಿವ್ ಹೆಚ್ಚು ಬೆಳಕನ್ನು ಸಹಿಸಿಕೊಳ್ಳುತ್ತಿತ್ತು. ನೆರಳಿನಲ್ಲಿ ಏನೂ ದಾಖಲಾಗದಿದ್ದರೆ ಮಾತ್ರ ಮುಂದೆ ದಾರಿಯಿರಲಿಲ್ಲ. ಅದಕ್ಕಾಗಿ ನೆರಳಿಗೆ ತಕ್ಕಂತೆ ತೆಗೆದು, ಬಿಳಿಯನ್ನು ಡೆವಲಪ್ ಮಾಡುವಾಗ ಹದಕ್ಕೆ ತರುತ್ತಿದ್ದರು. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಸುಮಾರು 1940ರ ವೇಳೆಗೆ ರೂಪಿಸಿದ ಝೋನ್ ಪದ್ಧತಿ ಇದನ್ನೇ ಹನ್ನೊಂದು ಹಂತಗಳ ಶಿಸ್ತಾಗಿ ಮಾಡಿತು. ಸೊನ್ನೆಯೆಂದರೆ ಅಚ್ಚಗಪ್ಪು, ಹತ್ತೆಂದರೆ ಬರೀ ಕಾಗದದ ಬಿಳಿ. ವಸ್ತುವಿನ ಯಾವ ಭಾಗ ಯಾವ ಹಂತದಲ್ಲಿ ಕೂರಬೇಕೆಂದು ಕ್ಲಿಕ್ಕಿಸುವ ಮುಂಚೆಯೇ ನಿರ್ಧರಿಸಬೇಕು. ಆಡಮ್ಸ್ ತೆಗೆದದ್ದು ಬಹುಪಾಲು ಬೆಟ್ಟ, ಕಣಿವೆ, ಅವು ಹಾರಿಹೋಗುವುದಿಲ್ಲ. ಆದರೆ ಆ ಪಾಠ ಹಕ್ಕಿಗೂ ಸಲ್ಲುತ್ತದೆ. ಮಿಂಚುಳ್ಳಿಯ ಎದೆ ಎಂಟರಲ್ಲಿ, ಬೆನ್ನು ಎರಡು ಮೂರರಲ್ಲಿ ಎಂದು ಮನಸ್ಸಿನಲ್ಲೇ ಕೂರಿಸಿಕೊಂಡು ಹೊರಟರೆ ಅರ್ಧ ಎಡಿಟಿಂಗ್ ಮುಗಿದಂತೆ.

ನಮ್ಮಲ್ಲೇ ಆ ಶಿಸ್ತಿನವರು ಆಗಿಹೋಗಿದ್ದಾರೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, 1932ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡವರು, ಓ.ಸಿ. ಎಡ್ವರ್ಡ್ಸ್ ಅವರ ಬಳಿ ಕಲಿತು ತಾವೇ ಮುಂದಿನ ತಲೆಮಾರುಗಳಿಗೆ ಗುರುವಾದರು. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. ಕಾಡುಪ್ರಾಣಿಗಳನ್ನು ಕಪ್ಪುಬಿಳುಪಿನಲ್ಲಿ ಹಿಡಿದ ಅವರ ಚಿತ್ರಗಳಿಗೆ ದೇಶದ ಹೊರಗೂ ಮನ್ನಣೆ ಇತ್ತು. ಮೂಡಿಗೆರೆಯಲ್ಲಿ ಕೂತು ಹಕ್ಕಿಗಳ ಹಿಂದೆ ಅಲೆದು ಬರೆದ, ಫೋಟೋ ತೆಗೆದ ತೇಜಸ್ವಿಯವರ ಬಗ್ಗೆ ಕನ್ನಡಿಗರಿಗೆ ನಾನು ಹೇಳಬೇಕಾದ್ದಿಲ್ಲ. ಆ ಕಾಲದ ಎಡಿಟಿಂಗ್ ನಡೆಯುತ್ತಿದ್ದುದು ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ. ಎನ್‌ಲಾರ್ಜರಿನ ಬೆಳಕಿಗೆ ಅಂಗೈ ಅಡ್ಡ ಹಿಡಿದು ಕಪ್ಪಾಗುವ ಜಾಗವನ್ನು ತಡೆಯುವುದು ಡಾಡ್ಜ್. ರಟ್ಟಿಗೆ ತೂತು ಮಾಡಿ ಬೆಳ್ಳಗಿರುವ ಜಾಗಕ್ಕೆ ಮಾತ್ರ ಇನ್ನಷ್ಟು ಬೆಳಕು ಕೊಡುವುದು ಬರ್ನ್. ಇವತ್ತು ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ ಇವೇ ಹೆಸರಿನ ಇವೇ ಕೆಲಸಗಳನ್ನು ಮಾಸ್ಕ್ ಎಳೆದು ಮಾಡುತ್ತೇವೆ. ಫೋಟೋ ಎಡಿಟ್ ಮಾಡುವುದೇ ಮೋಸ ಎನ್ನುವವರಿಗೆ ನಾನು ಈ ಅಂಗೈಯ ಕಥೆ ಹೇಳುತ್ತೇನೆ. ಆ ಹಳೆಯ ಪ್ರಿಂಟುಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ಒಂದೇ: ಅವುಗಳ ಕಪ್ಪಿಗೆ ಅಂಜಿಕೆಯಿಲ್ಲ. ನೆರಳು ನೆರಳಾಗಿಯೇ ಇರುತ್ತದೆ.

ಈಗಿನ ಕಪ್ಪಿಗೆ ಅಂಜಿಕೆ ಬಂದಿದೆ. ನಮ್ಮ ಪಕ್ಕದ ಮನೆಯ ಹುಡುಗ, ಇಂಜಿನಿಯರಿಂಗ್ ಓದುವವನು, ಹೊಸ ಕ್ಯಾಮೆರಾ ಬಂದಾಗಿನಿಂದ ಹಕ್ಕಿಗಳ ಹಿಂದೆ ಬಿದ್ದಿದ್ದಾನೆ. ಕೈ ಚುರುಕು, ತಾಳ್ಮೆಯೂ ಇದೆ. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದ.

‘ಅಂಕಲ್, ನಮ್ಮ ಟ್ಯಾಂಕ್ ಮೇಲೆ ದಿನಾ ಹಾಡುತ್ತಲ್ಲ, ಅದೇ ಇದು.’

‘ಇದು ಹೆಣ್ಣಲ್ವೇನಪ್ಪಾ?’

‘ಇಲ್ಲ ಅಂಕಲ್, ಗಂಡೇ. ಶ್ಯಾಡೋಸ್ ಪೂರ್ತಿ ಎತ್ತಿದೀನಿ, ಅದಕ್ಕೇ ಹಂಗೆ ಕಾಣುತ್ತೆ. ಡೀಟೇಲ್ ಎಷ್ಟು ಬಂದಿದೆ ನೋಡಿ!’

ಡೀಟೇಲ್ ಬಂದಿತ್ತು, ನಿಜ. ಬೆನ್ನಿನ ಒಂದೊಂದು ಗರಿಯನ್ನೂ ಎಣಿಸಬಹುದಿತ್ತು. ಆದರೆ ಹಕ್ಕಿ, ಹತ್ತಾರು ಸಲ ಒಗೆದು ಬಣ್ಣ ಬಿಟ್ಟ ಕಪ್ಪು ಪಂಚೆಯ ಹಾಗೆ ಕಾಣುತ್ತಿತ್ತು. ಗಂಡು ಮಡಿವಾಳ ನೀಲಿ ಹೊಳಪಿನ ಕಡುಗಪ್ಪು. ಹೆಣ್ಣಿಗೂ ಅದೇ ವಿನ್ಯಾಸ, ಅದೇ ಬಿಳಿ ಪಟ್ಟಿ, ಕಪ್ಪಿನ ಜಾಗದಲ್ಲಿ ಮಾತ್ರ ಬೂದು. ಇವೆರಡನ್ನೂ ಬೇರೆ ಮಾಡುವುದು ಆ ಕಪ್ಪೊಂದೇ. ಸ್ಲೈಡರನ್ನು ಬಲಕ್ಕೆ ಎಳೆದು ಆ ಕಪ್ಪನ್ನು ಬೂದು ಮಾಡಿದರೆ ಗಂಡು ಹೆಣ್ಣಾಗುತ್ತದೆ. ಕೆರೆ ಏರಿಯ ಕುಂಡೆಕುಸ್ಕದ್ದೂ ಇದೇ ಪಾಡು. ನಮ್ಮಲ್ಲೇ ವರ್ಷವಿಡೀ ಇರುವ ಬಿಳಿ ಹುಬ್ಬಿನದರ ಬೆನ್ನು ಕಪ್ಪು. ಚಳಿಗಾಲಕ್ಕೆ ಉತ್ತರದಿಂದ ಬರುವ ಬಿಳಿ ಕುಂಡೆಕುಸ್ಕಗಳಲ್ಲಿ ಹೆಚ್ಚಿನವಕ್ಕೆ ಬೆನ್ನು ಬೂದು. ಮುಖದ ಬಿಳಿಯ ಹಂಚಿಕೆ ನೋಡಿ ತಿಳಿದವರು ಗುರುತಿಸಿಯಾರು. ಆದರೆ ಇವತ್ತು ಇ-ಬರ್ಡ್‌ನಂಥ ಕಡೆ ಹಾಕುವ ಫೋಟೋ ಬರೀ ಅಂದಕ್ಕಲ್ಲ, ಯಾವ ಹಕ್ಕಿ ಎಲ್ಲಿ ಯಾವಾಗ ಕಂಡಿತು ಎಂಬುದಕ್ಕೆ ದಾಖಲೆ ಕೂಡ. ದಾಖಲೆಯಲ್ಲಿ ಹಕ್ಕಿಯ ಮೈಬಣ್ಣ ಬದಲಾಯಿಸುವ ಹಕ್ಕು ಯಾರಿಗೂ ಇಲ್ಲ.

ಹುಡುಗನಿಗೆ ಬೇಜಾರಾಗಲಿಲ್ಲ. ‘ಹಾಗಾದ್ರೆ ಹೇಗೆ ಮಾಡೋದು ಅಂಕಲ್, ನೀವೇ ಮಾಡಿ ತೋರಿಸಿ’ ಅಂದ. ಇಬ್ಬರೂ ಕೂತೆವು.

ಮೊದಲು ಇಡೀ ಚಿತ್ರದ ಶ್ಯಾಡೋ ಸ್ಲೈಡರನ್ನು ಸೊನ್ನೆಗೆ ತಂದೆವು. ಆಲ್ಟ್ ಕೀ ಒತ್ತಿಹಿಡಿದು ವೈಟ್ಸ್ ಸ್ಲೈಡರನ್ನು ಸರಿಸಿದರೆ ಪರದೆ ಕಪ್ಪಾಗಿ, ಬೆಳಕು ಮಿತಿಮೀರಿದ ಜಾಗ ಮಾತ್ರ ಬಣ್ಣದ ಚುಕ್ಕೆಗಳಾಗಿ ಹೊಳೆಯುತ್ತದೆ. ಒಂದೂ ಚುಕ್ಕೆ ಉಳಿಯದ ಹಾಗೆ ಅದನ್ನು ಇಳಿಸಿದೆವು. ಹೈಲೈಟ್ಸ್ ಇಳಿಸುವಾಗ ರೆಕ್ಕೆಯ ಪಟ್ಟಿಯಲ್ಲಿ ಗರಿಯ ಎಳೆಗಳು ಒಂದೊಂದಾಗಿ ಎದ್ದವು; ಅವು ಎದ್ದ ತಕ್ಷಣ ನಿಲ್ಲಿಸಬೇಕು, ಇನ್ನೂ ಇಳಿಸಿದರೆ ಬಿಳಿ ಕೊಳೆಯಾಗುತ್ತದೆ. ಆಮೇಲೆ ಬ್ಲ್ಯಾಕ್ಸ್. ಅದನ್ನು ಎಡಕ್ಕೆ ಎಳೆದು, ಹಕ್ಕಿಯ ಎದೆಯಲ್ಲಿ ತೀರಾ ಆಳದ ಜಾಗವೊಂದು ಪೂರ್ತಿ ಕಪ್ಪಾಗಲು ಬಿಟ್ಟೆವು. ಹುಡುಗ ಅಲ್ಲಿ ತಡೆದ. ‘ಅಲ್ಲಿ ಕ್ಲಿಪ್ ಆಗ್ತಿದೆ ಅಂಕಲ್.’ ಆಗಲಿ ಎಂದೆ. ಬರಿಗಣ್ಣಿಗೆ ಆ ಹಕ್ಕಿ ಟ್ಯಾಂಕಿನ ಮೇಲೆ ಕೂತಾಗ ಎದೆಯ ಗರಿ ಎಣಿಸುವುದಕ್ಕೆ ಯಾರಿಗೆ ಆಗುತ್ತದೆ? ಚಿತ್ರದಲ್ಲಿ ಒಂದು ಕಡೆಯಾದರೂ ಅಚ್ಚಗಪ್ಪು ಇದ್ದರೇ ಉಳಿದ ಕಪ್ಪುಗಳಿಗೆ ಅರ್ಥ ಬರುವುದು, ಬಿಳಿಗೆ ಕಳೆ ಬರುವುದು.

ಹಾಗೆಂದು ಕಪ್ಪನ್ನು ಒಂದೇ ಮುದ್ದೆಯಾಗಿ ಬಿಡಬೇಕೆಂದಲ್ಲ. ಗರಿಯ ಕಪ್ಪಿಗೆ ಕಾರಣ ಮೆಲನಿನ್. ಅದು ಗರಿಗೆ ಗಟ್ಟಿತನವನ್ನೂ ಕೊಡುತ್ತದೆ. ಬಾಯ್ಕಳಕದಂಥ ಬಿಳಿ ಹಕ್ಕಿಗಳಿಗೂ ಹಾರುವ ಗರಿಗಳು ಕಪ್ಪಾಗಿರುವುದು ಅವು ಬೇಗ ಸವೆಯದಿರಲಿ ಎಂದೂ ಇರಬಹುದು. ಮಡಿವಾಳದ ಗರಿಯಲ್ಲಿ ಆ ಮೆಲನಿನ್ ಮೇಲಿನ ತೆಳು ಪದರದಲ್ಲಿ ಬೆಳಕಿನ ಅಲೆಗಳು ಒಂದರೊಡನೊಂದು ಬೆರೆತು ನೀಲಿ ಹೊಳಪು ಹುಟ್ಟುತ್ತದೆ. ಅದು ಬಣ್ಣ ಬಳಿದ ನೀಲಿಯಲ್ಲವಾದ್ದರಿಂದ ಕೋನ ಬದಲಾದರೆ ಮಾಯ. ಒಂದೇ ಉಸಿರಿನಲ್ಲಿ ತೆಗೆದ ಚಿತ್ರಗಳ ಸಾಲಿನಲ್ಲಿ ಹಕ್ಕಿ ಕತ್ತು ತುಸು ತಿರುಗಿಸಿದ ಒಂದರಲ್ಲಿ ಮಾತ್ರ ಕತ್ತಿನಿಂದ ಭುಜಕ್ಕೆ ನೀಲಿಯ ಒಂದು ಗೆರೆ ಓಡಿರುತ್ತದೆ. ನಾನು ಹುಡುಕುವುದು ಆ ಒಂದು ಚಿತ್ರವನ್ನು. ಹುಡುಗನ ಸಾಲಿನಲ್ಲೂ ಅದಿತ್ತು. ಬಾಲ ಸ್ವಲ್ಪ ಮರೆಯಾಗಿದೆ ಎಂದು ಅವನು ಬದಿಗಿಟ್ಟಿದ್ದ. ಅದನ್ನು ತೆರೆದು, ಭುಜಕ್ಕೆ ಮಾತ್ರ ಸಣ್ಣ ಮಾಸ್ಕ್ ಎಳೆದು ಬೆಳಕನ್ನು ಅರ್ಧ ಸ್ಟಾಪಿನಷ್ಟು ಎತ್ತಿದಾಗ ಕಪ್ಪು ಕಪ್ಪಾಗಿಯೇ ಉಳಿದು ಹೊಳಪು ಎದ್ದಿತು. ಕಣ್ಣಿಗೂ ಅಷ್ಟೇ, ಇರುವ ಚುಕ್ಕಿಯನ್ನು ಒಂಚೂರು ಬೆಳಗಿಸಬಹುದು. ಇಲ್ಲದ ಚುಕ್ಕಿಯನ್ನು ಬ್ರಷ್ಷಿನಿಂದ ಇಡುವವರಿದ್ದಾರೆ. ನಾನು ಇಡುವುದಿಲ್ಲ. ಹಕ್ಕಿ ತಲೆಯನ್ನು ಬೆಳಕಿನತ್ತ ತಿರುಗಿಸುವವರೆಗೆ ಕಾಯುವುದಕ್ಕೇ ಅಲ್ಲವೇ ಅಷ್ಟು ಹೊತ್ತು ಕೂತದ್ದು?

ಬಿಳಿ ಗರಿಯಲ್ಲಿ ಯಾವ ವರ್ಣದ್ರವ್ಯವೂ ಇಲ್ಲ. ಗರಿಯ ಒಳಗಿನ ಕೆರಾಟಿನ್ ಮತ್ತು ಗಾಳಿಯ ಸಣ್ಣ ಗೂಡುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಅದು ಬಿಳಿಯಾಗಿ ಕಾಣುತ್ತದೆ. ಅಂದರೆ ಬಿದ್ದ ಬೆಳಕು ಯಾವುದೋ ಬಿಳಿ ಅದೇ ಆಗುತ್ತದೆ. ಹುಲ್ಲಿನ ಮೇಲೆ ನಿಂತ ಕುಂಡೆಕುಸ್ಕದ ಹೊಟ್ಟೆಯಲ್ಲಿ ಹಸಿರು ಇರುತ್ತದೆ. ನೆರಳಿನಲ್ಲಿ ಕೂತ ಮಡಿವಾಳದ ಹೊಟ್ಟೆಯಲ್ಲಿ ಆಕಾಶದ ತಣ್ಣನೆಯ ನೀಲಿ. ಬೆಳಗಿನ ಮಿಂಚುಳ್ಳಿಯ ಎದೆ ಒಂದು ಪಕ್ಕ ಹೊಂಬಣ್ಣ, ಇನ್ನೊಂದು ಪಕ್ಕ ಹೊಳೆಯ ಬಣ್ಣ. ವೈಟ್ ಬ್ಯಾಲೆನ್ಸಿನ ಡ್ರಾಪರ್ ತೆಗೆದುಕೊಂಡು ಹಕ್ಕಿಯ ಎದೆಗೆ ಚುಚ್ಚಿದರೆ ಎಲ್ಲವೂ ಒಂದೇ ಏಟಿಗೆ ಶುದ್ಧ ಬಿಳಿಯಾಗುತ್ತದೆ. ಬೆಳಗೂ ಹೋಗುತ್ತದೆ, ಹೊಳೆಯೂ ಹೋಗುತ್ತದೆ. ಆ ಡ್ರಾಪರನ್ನು ನಾನು ಹಕ್ಕಿಯ ಹತ್ತಿರ ಒಯ್ಯುವುದಿಲ್ಲ. ಕಪ್ಪುಬಿಳಿ ಹಕ್ಕಿಯ ಚಿತ್ರವನ್ನು ಕಪ್ಪುಬಿಳುಪಿಗೇ ತಿರುಗಿಸಿಬಿಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಮಂಜಿನ ದಿನ, ಬಂಡೆಯ ಮೇಲಿನ ಕೆಂಬರಲಿಗೆ ಅದು ಒಪ್ಪುತ್ತದೆ. ಉಳಿದಂತೆ ನನಗೆ ಬಣ್ಣದ ಚಿತ್ರವೇ ಬೇಕು, ಈ ಸಣ್ಣ ಸಣ್ಣ ಎರವಲು ಬಣ್ಣಗಳಿಗಾಗಿ.

ಇನ್ನು ಮೇರೆಯ ಜಾಗ, ಕಪ್ಪು ಬಿಳಿ ಸೇರುವ ಆ ಗೆರೆ. ಲೆನ್ಸಿನ ದೋಷಗಳೆಲ್ಲ ಎದ್ದು ಕಾಣುವುದು ಅಲ್ಲೇ. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಅಂಚಿನಲ್ಲಿ ನೇರಳೆಯದೋ ಹಸಿರಿನದೋ ತೆಳುವಾದ ಕಟ್ಟು ಇರುತ್ತದೆ. ಅದನ್ನು ತೆಗೆಯಲು ಲೈಟ್‌ರೂಮಿನಲ್ಲಿ ಡಿಫ್ರಿಂಜ್ ಇದೆ. ಶಾರ್ಪ್‌ನೆಸ್ ಅತಿಯಾದರೆ ಅದೇ ಅಂಚಿನಲ್ಲಿ ಬೆಳ್ಳನೆಯ ಗೆರೆಯೊಂದು ಹೊಸದಾಗಿ ಹುಟ್ಟಿ ಹಕ್ಕಿಯನ್ನು ಕತ್ತರಿಸಿ ಅಂಟಿಸಿದಂತೆ ತೋರುತ್ತದೆ. ನಾಯ್ಸ್ ತೆಗೆಯುವ ಹೊಸ ಎಐ ಸೌಲಭ್ಯಗಳು ನಿಜಕ್ಕೂ ದೊಡ್ಡ ಉಪಕಾರ ಮಾಡಿವೆ, ಮೋಡದ ದಿನದ ಚಿತ್ರಗಳು ಉಳಿಯುತ್ತಿರುವುದು ಅವುಗಳಿಂದ. ಪೂರ್ತಿ ಎಳೆದರೆ ಮಾತ್ರ ಕಪ್ಪು ಗರಿ ಪ್ಲಾಸ್ಟಿಕ್ ಆಗುತ್ತದೆ.

ಎಡಿಟಿಂಗ್‌ಗಿಂತ ದೊಡ್ಡ ಸುಳ್ಳೊಂದಿದೆ, ಅದನ್ನು ಹೇಳದಿದ್ದರೆ ಆಗದು. ಮಡಿವಾಳದ ಹಾಡನ್ನು ಮೊಬೈಲಿನಲ್ಲಿ ಹಾಕಿ ಕರೆಸಿಕೊಳ್ಳುವುದು. ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿತೆಂದು ಆ ಹಕ್ಕಿ ಊಟ ಬಿಟ್ಟು ಓಡಿ ಬರುತ್ತದೆ, ಬಾಲ ಎತ್ತಿ, ಎದೆ ಉಬ್ಬಿಸಿ, ಕ್ಯಾಮೆರಾದ ಎದುರಿಗೇ ಕೂರುತ್ತದೆ. ಚಿತ್ರ ಭರ್ಜರಿಯಾಗಿ ಬರುತ್ತದೆ. ಮರಿ ಸಾಕುವ ದಿನಗಳಲ್ಲಿ ಅದು ಕಳೆದುಕೊಂಡ ಹೊತ್ತನ್ನು ಯಾರು ತುಂಬಿಕೊಡುತ್ತಾರೆ? ತೊಟ್ಟಿಯಲ್ಲಿ ಮೀನು ಬಿಟ್ಟು ಮಿಂಚುಳ್ಳಿಯನ್ನು ಒಂದೇ ಕೊಂಬೆಗೆ ಅಭ್ಯಾಸ ಮಾಡಿಸುವುದನ್ನೂ ನಾನು ಒಪ್ಪುವುದಿಲ್ಲ. ಹುಡುಗನಿಗೆ ಸ್ಲೈಡರಿನ ಪಾಠಕ್ಕಿಂತ ಮೊದಲು ಇದನ್ನು ಹೇಳಿದ್ದೆ.

ಚಿತ್ರ ಮುಗಿದ ಮೇಲೆ ನೋಡುವುದು ಎಲ್ಲಿ ಎಂಬುದೂ ಮುಖ್ಯ. ವಾಟ್ಸಾಪಿನಲ್ಲಿ ಕಳಿಸಿದರೆ ಅದು ಫೈಲನ್ನು ಹಿಂಡಿ ಸಣ್ಣದು ಮಾಡುತ್ತದೆ. ಮೊದಲು ಸಾಯುವುದು ಕಪ್ಪಿನೊಳಗಿನ ನಯ. ನಾನು ಇಷ್ಟಪಟ್ಟ ಚಿತ್ರಗಳನ್ನು ಪ್ರಿಂಟ್ ಹಾಕಿಸುತ್ತೇನೆ. ಮ್ಯಾಟ್ ಕಾಗದದಲ್ಲಿ ಕಪ್ಪು ಅಷ್ಟು ಆಳಕ್ಕೆ ಇಳಿಯುವುದಿಲ್ಲ, ಹೊಳಪಿನ ಕಾಗದದಲ್ಲಿ ಇಳಿಯುತ್ತದೆ. ಮಡಿವಾಳಕ್ಕೆ, ಮಿಂಚುಳ್ಳಿಗೆ ಹೊಳಪಿನದೇ ಸರಿ, ಗಾಜಿನ ಪ್ರತಿಫಲನ ಎಷ್ಟೇ ಕಾಡಿದರೂ. ಹುಡುಗನ ಚಿತ್ರವನ್ನೂ ಹಾಗೆಯೇ ಹಾಕಿಸಿ ಕೊಟ್ಟೆ. ಅವರ ಮನೆಯ ಹಾಲಿನಲ್ಲಿ ಈಗ ಅದು ಗಂಡಾಗಿಯೇ ತೂಗುತ್ತಿದೆ.

ಮುಂಗಾರು ಹತ್ತಿರ ಬಂತು. ಇನ್ನು ಚಾತಕದ ಸರದಿ. ದಕ್ಷಿಣದಲ್ಲೇ ಉಳಿಯುವ ಚಾತಕಗಳೂ ಇವೆ, ಮಳೆಗಾಳಿಯ ಜೊತೆ ಆಫ್ರಿಕಾದಿಂದ ಕಡಲು ದಾಟಿ ಬರುವವೂ ಇವೆ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಲೆಯ ಮೇಲೆ ಜುಟ್ಟು, ರೆಕ್ಕೆಯ ಮೇಲೆ ಒಂದು ಬಿಳಿ ಮಚ್ಚೆ. ಕೂರುವುದು ಕುರುಚಲು ಗಿಡದ ತುದಿಯಲ್ಲಿ, ಹಿಂದೆ ಬೆಳ್ಳನೆಯ ಮೋಡ. ಅಂದರೆ ಬಿಳಿಯ ಮುಂದೆ ಬಿಳಿ ಹೊಟ್ಟೆ. ಮೋಡದ ಬೆಳಕನ್ನು ಅಳೆದು ಅದಕ್ಕಿಂತ ಒಂದೂವರೆ ಸ್ಟಾಪ್ ಹೆಚ್ಚು ಕೊಡಬೇಕು, ಮೋಡ ತುಸು ಸುಟ್ಟರೂ ಹೊಟ್ಟೆಯ ಅಂಚು ಅದರಲ್ಲಿ ಕರಗಬಾರದು. ಆ ಲೆಕ್ಕ ಸರಿಯೇ ಎಂದು ನೋಡಲು ನಾನು, ಹುಡುಗ ಇಬ್ಬರೂ ಮೊದಲ ಮಳೆ ಬಿದ್ದ ಮಾರನೆಯ ಬೆಳಗ್ಗೆ ಚಾಮುಂಡಿ ಬೆಟ್ಟದ ತಪ್ಪಲಿಗೆ ಹೋಗುವುದೆಂದು ಮಾತಾಗಿದೆ. ಕೊಡೆ ಅವನು ತರುತ್ತಾನೆ.